ಯಾರೂ ಹೊಡೆಯದ ಏಟು

ನಮ್ಮ ಮನೆಯಲ್ಲಿ ಅಕ್ಷರ ಓದಲು ಬರುತ್ತಿದ್ದವರು ಇಬ್ಬರೇ, ಅಕ್ಕ ಮತ್ತು ನಾನು. ಮೈಮೇಲಿನ ಏಟನ್ನು ಓದಲು ಮಾತ್ರ ಎಲ್ಲರಿಗೂ ಬರುತ್ತಿತ್ತು. ಅಪ್ಪ ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಗರಡಿ ನಡೆಸುತ್ತಿದ್ದರು. ಬೆಳಿಗ್ಗೆ ಹುಡುಗರಿಗೆ ಕುಸ್ತಿ ಕಲಿಸುವುದು, ಆಮೇಲೆ ಬಂದವರಿಗೆ ಉಳುಕು ತೆಗೆಯುವುದು, ಮೂಳೆ ಕೂರಿಸುವುದು, ಎಣ್ಣೆ ಹಚ್ಚಿ ನೀವುವುದು. ರಕ್ತ ಕಟ್ಟಿದ ಕಲೆ ನೋಡಿದರೆ ಏಟು ಬಿದ್ದು ಎಷ್ಟು ದಿನವಾಯಿತೆಂದು ಅಪ್ಪ ಹೇಳಿಬಿಡುತ್ತಿದ್ದರು. ಕೆಂಪಾಗಿದ್ದರೆ ಇವತ್ತಿನದು. ನೇರಳೆ ಹಣ್ಣಿನ ಬಣ್ಣವಾದರೆ ನಿನ್ನೆ ಮೊನ್ನೆಯದು. ಹಸಿರಿಗೆ ತಿರುಗಿದ್ದರೆ ವಾರವಾಗಿದೆ. ಅರಿಶಿನದಂತಾದರೆ ಇನ್ನೆರಡು ದಿನಕ್ಕೆ ಮಾಯ. ನನಗೆ ಇಪ್ಪತ್ತು ತುಂಬುವಷ್ಟರಲ್ಲಿ ಈ ವಿದ್ಯೆ ಬಂದಿತ್ತು, ಅದರ ಜಂಬ ಅದಕ್ಕಿಂತ ಮೊದಲೇ ಬಂದಿತ್ತು. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಇದೆ. ಹಲ್ಲು ಬಿದ್ದಿರುವುದರಿಂದ ಯಾರೂ ಹೆದರುವುದಿಲ್ಲ, ಅಷ್ಟೇ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದಿತ್ತು. ಆ ಬೇಸಿಗೆಯಲ್ಲಿ ಅಕ್ಕನ ಮದುವೆಯಾಗಿತ್ತು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಭಾವ ಮಂಡಿ ಮೊಹಲ್ಲಾದವರು, ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ. ಕಡ್ಡಿಯಂಥ ಆಳು. ದಿನವಿಡೀ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುತ್ತಿದ್ದರು. ಗರಡಿಯವರಿಗೆ ಅಂಥವರ ಮೇಲೆ ಅಷ್ಟಾಗಿ ಗೌರವವಿರುವುದಿಲ್ಲ. ಅಕ್ಕ ಇವರನ್ನೇ ಒಪ್ಪಿದ್ದು ನನಗೆ ಅವಮಾನವಾದಂತಿತ್ತು. ಮದುವೆಯ ಊಟದಲ್ಲೇ ಭಾವನ ತೋಳು ಹಿಸುಕಿ ನೋಡಿ, 'ಇದೇನ್ರೀ ಇದು, ಮೂಳೆ ಮೇಲೆ ಅಂಗಿ ಹಾಕವ್ರೆ' ಅಂತ ನಗಾಡಿದ್ದೆ.

ಮೊದಲ ಆಷಾಢಕ್ಕೆ ಹೊಸ ಸೊಸೆ ತವರಿಗೆ ಬರುವುದು ಪದ್ಧತಿ. ಆ ತಿಂಗಳು ಅಳಿಯ ಮಾವನ ಮನೆಯ ಹೊಸ್ತಿಲು ದಾಟುವಂತಿಲ್ಲ. ಅಕ್ಕ ಬಂದಾಗ ಬಿಳಿಚಿಕೊಂಡಿದ್ದಳು. ಮಾರನೆಯ ದಿನವೇ ಆಷಾಢ ಶುಕ್ರವಾರ. ಅಮ್ಮನ ಜೊತೆ ಚಾಮುಂಡಿ ಬೆಟ್ಟ ಹತ್ತಲು ಹೋಗಿ ಅರ್ಧಕ್ಕೂ ಮುಂಚೆಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳಂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹಿಂದೆ ಹಾಕಿ ಓಡಿ ಹತ್ತುತ್ತಿದ್ದವಳು. ಅಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಬಸಿರಾಗಿದ್ದಾಳೆ ಎಂದುಕೊಂಡರು.

ಶನಿವಾರ ಬೆಳಿಗ್ಗೆ ಅಮ್ಮ ಅಕ್ಕನಿಗೆ ಎಣ್ಣೆ ನೀರು ಹಾಕಲು ಬಚ್ಚಲಿಗೆ ಕರೆದುಕೊಂಡು ಹೋದರು. ಒಳಗಿನಿಂದ ಅಮ್ಮನ ಕೂಗು ಕೇಳಿ ನಾನು ಬಾಗಿಲವರೆಗೆ ಓಡಿದೆ. ಸೀರೆ ಸುತ್ತಿಕೊಂಡು ಹೊರಗೆ ಬಂದ ಅಕ್ಕನ ತೋಳು, ಬೆನ್ನಿನ ಮೇಲುಭಾಗ, ಮೊಣಕಾಲಿನ ಕೆಳಗೆ, ಎಲ್ಲ ಕಡೆ ಕಲೆ. ಕೆಂಪು, ನೇರಳೆ, ಹಸಿರು, ಹಳದಿ. ಅಪ್ಪನನ್ನು ಕೇಳುವ ಅಗತ್ಯವೇ ಇರಲಿಲ್ಲ. ಒಂದೇ ದಿನದ ಏಟಲ್ಲ ಇದು, ಎರಡು ಮೂರು ದಿನಕ್ಕೊಮ್ಮೆ ಬಿದ್ದ ಏಟು, ವಾರಗಟ್ಟಲೆ ನಡೆದಿದೆ ಎಂದು ನಾನು ಓದಿಬಿಟ್ಟೆ. ಅಪ್ಪನೂ ನೋಡಿದರು. ಮುಖ ಕಪ್ಪಿಟ್ಟಿತು. ಹೊರಗೆ ಹೋದರು.

'ಯಾರೂ ಹೊಡ್ದಿಲ್ಲ ಕಣಮ್ಮ,' ಅಂದಳು ಅಕ್ಕ. 'ತಾನಾಗೇ ಬರುತ್ತೆ. ಹಲ್ಲುಜ್ಜಿದ್ರೆ ವಸಡಲ್ಲೂ ರಕ್ತ ಬರುತ್ತೆ. ಅವರೇ ಗಾಬರಿ ಆಗವ್ರೆ.'

'ಎಲ್ಲ ಹೆಣ್ಮಕ್ಳೂ ಇಂಗೇ ಹೇಳಾದು,' ಅಂದರು ಅಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು. 'ಗಂಡನ್ ಮರ್ಯಾದೆ ಕಾಯ್ತಾವ್ಳೆ.'

ಅಮ್ಮನ ಮಾತು ನನಗೆ ಸರಿಯಾಗಿಯೇ ಕಂಡಿತು. ಒಳ್ಳೆಯ ಹೆಂಡತಿ ಬಾಯಿ ಬಿಡುವುದಿಲ್ಲ ಎಂದೇ ನಾವು ಕಲಿತಿದ್ದೆವು. ಅಕ್ಕ ಎಷ್ಟು ಸಲ ಇಲ್ಲ ಎಂದಳೋ, ನನ್ನ ನಂಬಿಕೆ ಅಷ್ಟು ಗಟ್ಟಿಯಾಯಿತು. ನೆಟ್ಟಗೆ ಗರಡಿಗೆ ಹೋಗಿ ಅಲ್ಲಿದ್ದ ಎಂಟು ಹತ್ತು ಜನರ ಮುಂದೆ ಕೂಗಾಡಿದೆ. 'ನಮ್ ಭಾವ ನಮ್ಮಕ್ಕನ್ನ ದನಕ್ ಬಡ್ದಂಗ್ ಬಡಿತಾವ್ನೆ.' ಎಲ್ಲರೂ ಎದ್ದು ನಿಂತರು. ಅಕ್ಕನ ಕೈಯಲ್ಲಿ ಊಟ ಮಾಡದವನು ಅಲ್ಲಿ ಒಬ್ಬನೂ ಇರಲಿಲ್ಲ.

ಅವತ್ತು ಸಂಜೆಯೇ ಭಾವ ಬಂದರು. ಪದ್ಧತಿಯಂತೆ ಮನೆಗೆ ಬಾರದೆ ಗಲ್ಲಿಯ ತುದಿಯ ನಲ್ಲಿ ಕಟ್ಟೆಯ ಬಳಿ ನಿಂತು, ಒಳಗೆ ಹೇಳಿಕಳಿಸಲು ಯಾರಾದರೂ ಸಿಕ್ಕಾರೆಯೇ ಎಂದು ನೋಡುತ್ತಿದ್ದರು. ಕೈಯಲ್ಲಿ ಟಾನಿಕ್ಕಿನ ಬಾಟಲಿ. ಪದ್ಧತಿ ನನಗೆ ಗೊತ್ತಿತ್ತು. ಗೊತ್ತಿದ್ದರೂ, ಹೊಸ್ತಿಲು ತುಳಿಯಲು ಮುಖವಿಲ್ಲದೆ ಅಲ್ಲಿ ನಿಂತಿದ್ದಾರೆ ಅನಿಸಿತು. ಗರಡಿಯ ಇಬ್ಬರು ಮತ್ತು ನಾನು, ಮೂವರಿದ್ದೆವು. ಮೊದಲ ಗುದ್ದು ನನ್ನದೇ, ದವಡೆಗೆ. ಬಾಟಲಿ ಕಲ್ಲಿಗೆ ಬಿದ್ದು ಚೂರಾಯಿತು. ಬಿದ್ದವರನ್ನು ಎತ್ತಿ ಮತ್ತೆ ಹೊಡೆದೆವು. ಹೊಟ್ಟೆಗೆ, ಪಕ್ಕೆಗೆ, ಬೆನ್ನಿಗೆ. ಸುಳ್ಳು ಹೇಳುವುದಿಲ್ಲ, ನನಗೆ ಸುಖವಾಗುತ್ತಿತ್ತು. ಕಡ್ಡಿಯಂಥ ಆ ಮೈ ನನ್ನ ಮುಷ್ಟಿಯ ಕೆಳಗೆ ಮಡಚಿಕೊಳ್ಳುವುದು ಹಿತವಾಗಿತ್ತು. 'ಯಾವ್ ಕೈಲಿ ಹೊಡ್ದೆ? ಹೇಳು, ಯಾವ್ ಕೈ?' ಅಂತ ಕೇಳಿದೆ. ಭಾವ ಬಾಯಿಯ ರಕ್ತ ಉಗುಳಿ, 'ಅವಳಿಗೆ ಹುಷಾರಿಲ್ಲ ಕಣೋ, ಆಸ್ಪತ್ರೆಗೆ ಕರ್ಕೊಂಡ್ ಹೋಗು' ಅಂದರು. ಜಾರಿಕೊಳ್ಳಲು ನೋಡುತ್ತಿದ್ದಾರೆ ಅಂದುಕೊಂಡೆ. ಬಲಗೈಯೇ ಇರಬೇಕು ಅಂತ ಮಣಿಕಟ್ಟು ಹಿಡಿದು, ಕುಸ್ತಿಯಲ್ಲಿ ಮಾಡಬಾರದೆಂದು ಅಪ್ಪ ಹೇಳಿಕೊಟ್ಟಿದ್ದ ಹಾಗೆ ತಿರುಚಿದೆ. ಲಟಕ್ ಅಂದಿತು. ಅವರ ಕೂಗು ಇಡೀ ಗಲ್ಲಿಗೆ ಕೇಳಿತು, ಬಾಗಿಲುಗಳು ತೆರೆದವು, ಬಿಡಿಸಲು ಯಾರೂ ಬರಲಿಲ್ಲ.

ಮನೆಗೆ ಬಂದು ಅಕ್ಕನ ಮುಂದೆ ಎದೆ ಉಬ್ಬಿಸಿ ನಿಂತು ಹೇಳಿದೆ. 'ಇನ್ನು ನಿನ್ ಮೈ ಮುಟ್ಟಲ್ಲ ಬುಡು, ಕೈ ಮುರ್ದಾಕಿವ್ನಿ.'

ಅಕ್ಕ ಕೈಗೆ ಸಿಕ್ಕ ಹಿತ್ತಾಳೆ ಚೊಂಬನ್ನು ಬೀಸಿ ಎಸೆದಳು. ನನ್ನ ಹುಬ್ಬು ಸೀಳಿತು. ಎದ್ದು ಬಂದು ಮುಖಕ್ಕೆ, ಕತ್ತಿಗೆ, ಸಿಕ್ಕಿದಲ್ಲೆಲ್ಲ ಹೊಡೆದಳು, ಕಚ್ಚಿದಳು. 'ಯಾರೂ ಹೊಡ್ದಿಲ್ಲ ಅಂತ ಹೇಳಿದ್ನಲ್ಲೋ, ಹೇಳಿದ್ನಲ್ಲೋ!' ಅಷ್ಟರಲ್ಲಿ ಅವಳ ಮೂಗಿನಿಂದ ರಕ್ತ ಇಳಿಯತೊಡಗಿತು. ನಾನು ಕೈ ಎತ್ತಿರಲಿಲ್ಲ, ಇದು ಮಾತ್ರ ನಿಜ. ತಣ್ಣೀರು ಹಾಕಿದೆವು, ತಲೆ ಎತ್ತಿ ಹಿಡಿದೆವು, ಬಟ್ಟೆ ತುರುಕಿದೆವು. ನಿಲ್ಲಲಿಲ್ಲ. ಗಂಟೆಗಟ್ಟಲೆ ಹನಿಯುತ್ತಲೇ ಇತ್ತು. ಕಾಲಿನ ಮೂಳೆಯೊಳಗೆ ನೋವು, ಯಾರೋ ಒಳಗಿನಿಂದ ಒಡೆಯುತ್ತಿದ್ದಾರೆ ಅಂತ ನರಳಿದಳು. ಅಪ್ಪ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಅವಳ ಕಾಲು ನೀವಿದರು. ಎಳೆ ಮಗುವಿನ ಮೈಗೆ ಹಚ್ಚುವಷ್ಟು ಹಗುರವಾಗಿ.

ಬೆಳಿಗ್ಗೆ ಎದ್ದು ನೋಡಿದರೆ ಅಕ್ಕನ ಮೀನಖಂಡದ ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆರಳು, ಅಚ್ಚೊತ್ತಿದಂತೆ ನೇರಳೆ ಬಣ್ಣದಲ್ಲಿ ಮೂಡಿದ್ದವು. ಅಪ್ಪ ತಮ್ಮ ಕೈಯನ್ನು ಆ ಗುರುತಿನ ಮೇಲಿಟ್ಟರು. ಸರಿಯಾಗಿ ಕೂತಿತು. 'ನನ್ ಕೈ ಕಣೇ ಇದು,' ಅಂದರು ಅಮ್ಮನಿಗೆ. 'ನಾನ್ ಒತ್ತೇ ಇಲ್ಲ.' ಆಮೇಲೆ ನನ್ನ ಕಡೆ ತಿರುಗಿ ಜಟಕಾ ಕರೆತಾ ಅಂದರು. ನನ್ನ ಮುಖ ನೋಡಲಿಲ್ಲ.

ದೊಡ್ಡಾಸ್ಪತ್ರೆ ಸೇರುವಷ್ಟರಲ್ಲಿ ಅಕ್ಕನಿಗೆ ಜ್ವರವೂ ಏರಿತ್ತು. ಅಲ್ಲಿ ಅವಳ ರಕ್ತ ತೆಗೆದು ಪರೀಕ್ಷೆ ಮಾಡಿದರು. ಎರಡು ದಿನ ಬಿಟ್ಟು ಎದೆಯ ಮೂಳೆಗೆ ದಬ್ಬಳದಂಥ ಸೂಜಿ ಇಳಿಸಿ ಒಳಗಿನ ಮಜ್ಜೆ ಹೀರಿದರು. ಅಲುಗಾಡದಂತೆ ಭುಜ ಹಿಡಿದುಕೊಳ್ಳಲು ನನಗೆ ಹೇಳಿದರು. ಸೂಜಿ ಮೂಳೆಗೆ ಇಳಿಯುವಾಗ ಅವಳು ಕೂಗಿದ ಕೂಗನ್ನು ನಾನು ಇನ್ಯಾರ ಬಾಯಲ್ಲೂ ಕೇಳಿಲ್ಲ, ಕೈ ಮುರಿದ ಭಾವನ ಬಾಯಲ್ಲೂ. ಸಂಜೆಗೆ ಅವಳ ಎರಡೂ ಭುಜದ ಮೇಲೆ ನನ್ನ ಕೈ ಮೂಡಿತ್ತು.

ಡಾಕ್ಟರಮ್ಮ ಗಿಡ್ಡ ಆಳು, ಮೆಲುದನಿ. ಅಪ್ಪನನ್ನೂ ನನ್ನನ್ನೂ ವರಾಂಡದಲ್ಲಿ ಕೂರಿಸಿಕೊಂಡು ಹೇಳಿದರು. ಲ್ಯುಕೀಮಿಯಾ, ರಕ್ತದ ಕ್ಯಾನ್ಸರು. ಹಾಗೆಂದರೇನು ಎಂದು ನಾನು ಜಗಳಕ್ಕೆ ನಿಂತವನಂತೆ ಕೇಳಿದೆ.

'ರಕ್ತ ತಯಾರಾಗೋದು ಮೂಳೆ ಒಳಗೆ ಕಣಪ್ಪ, ಮಜ್ಜೆಯಲ್ಲಿ,' ಅಂದರು. 'ನಿಮ್ಮದು ಗರಡಿ ಅಲ್ವಾ? ಹಾಗೇ ಯೋಚ್ನೆ ಮಾಡಿ. ಒಂದು ಪಟ್ಟೂ ಕಲೀದೇ ಇರೋ ಹುಡುಗ್ರು ಗರಡಿಗೆ ನುಗ್ತಾನೇ ಇರ್ತಾರೆ. ಕಲಿಯೋದೂ ಇಲ್ಲ, ಆಚೆಗೆ ಹೋಗೋದೂ ಇಲ್ಲ. ಒಬ್ಬ ಇಬ್ಬರಾಗ್ತಾನೆ, ಇಬ್ಬರು ನಾಲ್ವರಾಗ್ತಾರೆ. ಕೊನೆಗೆ ಬೇರೆಯವರಿಗೆ ಕಾಲಿಡೋಕೂ ಜಾಗ ಇರಲ್ಲ. ರಕ್ತದ ಬಿಳಿ ಕಣ ಹಾಗಾಗಿವೆ. ರೋಗದ ಜೊತೆ ಹೋರಾಡ್ಬೇಕಾದವು ಅವೇ. ಇವು ಬಲೀದೇ ಇರೋವು, ಹೋರಾಡೋಕೆ ಬರಲ್ಲ, ಅದಕ್ಕೇ ಜ್ವರ ಬಿಡ್ತಾ ಇಲ್ಲ. ಕೆಂಪು ಕಣಕ್ಕೆ ಜಾಗ ಇಲ್ಲ, ಅದಕ್ಕೇ ಬಿಳಿಚಿಕೊಂಡಿರೋದು, ಉಸಿರು ಕಟ್ಟೋದು. ರಕ್ತ ಹೆಪ್ಪುಗಟ್ಟಿಸೋ ಸಣ್ಣ ಕಣಗಳಿಗೂ ಜಾಗ ಇಲ್ಲ. ಅದಕ್ಕೇ ಮುಟ್ಟಿದ್ರೆ ಕಲೆ, ಮುಟ್ಟದಿದ್ರೂ ಕಲೆ. ಮಜ್ಜೆ ತುಂಬಿ ಬಿರಿಯೋ ಹಾಗಾಗಿದೆ, ಅದಕ್ಕೇ ಮೂಳೆ ನೋವು.'

'ಯಾರಾದ್ರೂ ಹೊಡ್ದಿದ್ರಿಂದ ಬರುತ್ತಾ?' ಅಂದೆ.

'ಇಲ್ಲ. ಯಾರೂ ಹೊಡೆದಿಲ್ಲ. ಯಾರ ತಪ್ಪೂ ಅಲ್ಲ. ಅಂಟೋದೂ ಇಲ್ಲ.'

ವಾಸಿಯಾಗುತ್ತದೆಯೇ ಅಂತ ಅಪ್ಪ ಕೇಳಿದರು. ಹೊಸ ಮಾತ್ರೆ ಬಂದಿವೆ, ಬೊಂಬಾಯಿಯಿಂದ ತರಿಸಬೇಕು, ಕೆಲವರಿಗೆ ಕೆಲವು ತಿಂಗಳು ಸಿಗುತ್ತವೆ, ವಾಸಿಯಾಗುತ್ತದೆ ಅಂತ ಹೇಳಿದರೆ ಸುಳ್ಳು ಹೇಳಿದ ಹಾಗೆ ಅಂದರು. ಸದ್ಯಕ್ಕೆ ರಕ್ತ ಕೊಡಬೇಕು. ನಾನು ಎದ್ದು ಹೋಗಿ ವರಾಂಡದ ಕಂಬಕ್ಕೆ ಗುದ್ದಿದೆ. ಗೆಣ್ಣು ಸೀಳುವವರೆಗೆ ಗುದ್ದಿದೆ. ಹಿಡಿದು ನೆಲಕ್ಕೆ ಕೆಡವಲು ಒಬ್ಬ ಎದುರಾಳಿ ಬೇಕಾಗಿತ್ತು ನನಗೆ, ಅಕ್ಕನ ಮೂಳೆಯೊಳಗೆ ಕೈ ಹಾಕಲು ಬರುವುದಿಲ್ಲವಲ್ಲ.

ಭಾವ ಅದೇ ಆಸ್ಪತ್ರೆಯಲ್ಲಿ ಮುರಿದ ಕೈಗೆ ಪಟ್ಟಿ ಹಾಕಿಸಿಕೊಂಡಿದ್ದರು. ಸುದ್ದಿ ತಿಳಿದು ಅಕ್ಕನ ಮಂಚದ ಬಳಿಗೆ ಬಂದಾಗ ಒಂದು ಕಣ್ಣು ಮುಚ್ಚಿಹೋಗುವಷ್ಟು ಊದಿತ್ತು. ಅಪ್ಪ ಅವರ ಕಾಲು ಹಿಡಿಯಲು ಬಗ್ಗಿದರು. ಭಾವ ಹಿಂದಕ್ಕೆ ಸರಿದು ನಿಂತರು. ಕೈಗೇನಾಯಿತು ಅಂತ ಡಾಕ್ಟರಮ್ಮ ಕೇಳಿದ್ದಕ್ಕೆ ಸೈಕಲ್ಲಿಂದ ಬಿದ್ದೆ ಅಂದರು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ, ಬೈದಿದ್ದರೆ, ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಅವರ ರಕ್ತ ಅಕ್ಕನಿಗೆ ಹೊಂದಲಿಲ್ಲ. ನನ್ನದು ಹೊಂದಿತು. ಗರಡಿಯ ಗೆಳೆಯರನ್ನೂ ಕರೆಯಬಹುದಿತ್ತು, ಹಾಲು ಬಾದಾಮಿ ಕುಡಿದು ಬೆಳೆಸಿದ ಮೈಗಳು. ಕರೆದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು, ನಾನು ಕರೆಯಲಿಲ್ಲ. ಗಾಜಿನ ಬಾಟಲಿಯಿಂದ ನನ್ನ ರಕ್ತ ಅವಳ ತೋಳಿಗೆ ಇಳಿಯತೊಡಗಿದಾಗ ಅಕ್ಕ ಕಣ್ಣು ಬಿಟ್ಟು, ಯಾರದು ಅಂತ ಕೇಳಿದಳು. ನಂದೇ ಅಂದೆ. ಸೂಜಿಯನ್ನು ಕಿತ್ತು ಎಸೆದಳು. ರಕ್ತ ಗೋಡೆಗೆ, ನನ್ನ ಅಂಗಿಗೆ, ಭಾವನ ಮುಖಕ್ಕೆ ಚಿಮ್ಮಿತು. ನರ್ಸು ಓಡಿ ಬಂದು ಗಾಯವನ್ನು ಒತ್ತಿ ಹಿಡಿದಳು.

'ನಿನ್ ರಕ್ತ ಬೇಡ ನಂಗೆ,' ಅಂದಳು ಅಕ್ಕ. 'ಗರಡೀಲಿ ಎಲ್ರ ಮುಂದೆ ಸಾರಿದ್ಯಂತಲ್ಲ, ಅದೇ ಜಾಗದಲ್ಲಿ ನಿಂತ್ಕೊಂಡು ಹೇಳು. ಇವರು ಹೊಡ್ದಿಲ್ಲ, ಇದು ಕಾಯಿಲೆ, ನಂದೇ ತಪ್ಪು ಅಂತ. ನಾಳೆ ನಾನ್ ಸತ್ರೆ ಮೈ ತೊಳಿಯೋ ಹೆಂಗಸ್ರು ಈ ಕಲೆ ನೋಡ್ತಾರೆ. ನಿನ್ ಜೊತೆಗಾರ್ರು ಇವರ್ನ ಉಳಿಸ್ತಾರೇನೋ? ಹೇಳಿ ಬಾ, ಆಮೇಲ್ ಕೊಡು ರಕ್ತ.'

ಹೇಳುತ್ತೇನೆ ಅಂದೆ. ಅಪ್ಪ ಗರಡಿಗೆ ಬರುವುದನ್ನೇ ಬಿಟ್ಟು ಆಸ್ಪತ್ರೆಯಲ್ಲಿ ಕೂತಿದ್ದರಿಂದ ಹುಡುಗರನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ನಾನು ಅಲ್ಲಿ ಸಾರಿದ್ದು ಅಪ್ಪನಿಗೆ ಗೊತ್ತೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಕೆಮ್ಮಣ್ಣಿನ ಅಖಾಡದ ನಡುವೆ ನಿಂತೆ. ಎಲ್ಲರೂ ಬಂದು ಬೆನ್ನು ತಟ್ಟಿದರು. 'ಸರಿಯಾಗ್ ಇಕ್ಕಿದ್ದೀಯ ಕಣೋ, ಅಕ್ಕನ್ ಋಣ ತೀರಿಸ್ದೆ' ಅಂದರು. ಬಾಯಿ ತೆರೆದೆ, ಪಟ್ಟು ಹಾಕಿ ಅಂತ ಹೇಳಿ ಮುಚ್ಚಿದೆ. ನಿರಪರಾಧಿಯ ಕೈ ಮುರಿದೆ ಅಂತ ಹೇಳುವುದು ಹೇಗೆ? ಏಟು ಓದಲು ಬರುವುದಿಲ್ಲ ನಮಗೆ ಅಂತ ಒಪ್ಪಿಕೊಳ್ಳುವುದು ಹೇಗೆ? ಹೇಡಿ ಎಂಬ ಮಾತನ್ನು ನಾನು ಭಾವನಿಗೆ ಎಷ್ಟೋ ಸಲ ಅಂದಿದ್ದೆ.

'ಹೇಳಿದ್ಯಾ?' ಅಂದಳು ಅಕ್ಕ. ನಾಳೆ ಅಂದೆ. ಮರುದಿನವೂ ಕೇಳಿದಳು. ನಾಳೆ ಅಂದೆ. ಅವಳ ನಾಲಿಗೆಯ ಮೇಲೂ ರಕ್ತದ ಗುಳ್ಳೆ ಎದ್ದಿದ್ದವು, ಎದೆಯ ಮೇಲೆಲ್ಲ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ. ರಕ್ತ ಕೊಡಲೇಬೇಕು ಅಂತ ಡಾಕ್ಟರಮ್ಮ ಗದರಿಸಿದರು. ಮೂರನೆಯ ದಿನ ಅವಳು ಕೇಳುವ ಮೊದಲೇ ನಾನು, 'ಹೇಳ್ಬುಟ್ಟೆ ಕಣಕ್ಕ' ಅಂದೆ.

'ಎಲ್ರ ಮುಂದೆ?'

'ಎಲ್ರ ಮುಂದೆ.'

ಅಕ್ಕ ನನ್ನ ಮುಖವನ್ನು ಎರಡನೆಯ ಸಲ ನೋಡಲಿಲ್ಲ. ತೋಳು ಚಾಚಿದಳು. ನನ್ನ ರಕ್ತ ಹೋಯಿತು. ಎರಡು ದಿನ ಕೆನ್ನೆಗೆ ಬಣ್ಣ ಬಂತು, ಎದ್ದು ಕೂತು ಮೊಸರನ್ನ ತಿಂದಳು, ನನ್ನ ಹುಬ್ಬಿನ ಗಾಯ ಮುಟ್ಟಿ ನೋಡಿ, 'ಇನ್ನೂ ನೋಯುತ್ತೇನೋ?' ಅಂದಳು. ಅವಳನ್ನು ಉಳಿಸಲೆಂದೇ ಸುಳ್ಳು ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಗರಡಿಯಲ್ಲಿ ನಿಂತು ನಾಲ್ಕು ಮಾತು ಹೇಳಲು ಆ ಎರಡು ದಿನವೂ ಸಮಯವಿತ್ತು.

ಮೂರನೆಯ ಬೆಳಿಗ್ಗೆ ತಲೆ ಒಡೆಯುತ್ತಿದೆ ಅಂತ ಚೀರಿದಳು. ಮೈ ಬಿಲ್ಲಿನಂತೆ ಬಾಗಿತು, ಮಂಚದ ಕಬ್ಬಿಣಕ್ಕೆ ಕೈಕಾಲು ಬಡಿದವು, ನಾವು ನಾಲ್ಕು ಜನ ಹಿಡಿದರೂ ನಿಲ್ಲಲಿಲ್ಲ. ಮಿದುಳಿನೊಳಗೆ ರಕ್ತ ಒಸರಿದೆ ಅಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಬೊಂಬಾಯಿಯ ಮಾತ್ರೆ ಬರಲೇ ಇಲ್ಲ.

ಮಂಡಿ ಮೊಹಲ್ಲಾದ ಭಾವನ ಮನೆಯಲ್ಲಿ, ಹಿತ್ತಲಿಗೆ ಸೀರೆ ಅಡ್ಡ ಕಟ್ಟಿ ಹೆಂಗಸರು ಮೈ ತೊಳೆದರು. ಅಪ್ಪ ಗುಂಡಿ ತೋಡಿಸಲು ಹೋಗಿದ್ದರು. ಸೀರೆಯ ಆ ಕಡೆಯಿಂದ ಮೊದಲು ಗುಸುಗುಸು, ಆಮೇಲೆ ಒಬ್ಬಾಕೆಯ ಕೂಗು. 'ಅಯ್ಯೋ, ಮೈಯೆಲ್ಲ ಬಡ್ದವ್ರಲ್ರವ್ವ, ಬಡ್ದೇ ಸಾಯ್ಸವ್ರೆ!' ಹೂವಿನ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದ ಗರಡಿಯವರು ಹಾರ ನೆಲಕ್ಕೆ ಬಿಸಾಡಿದರು. ಒಬ್ಬ ಭಾವನ ಕತ್ತಿನಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಇನ್ನೊಬ್ಬ ಪಟ್ಟಿ ಕಟ್ಟಿದ ಕೈಯ ಮೇಲೆಯೇ ಒದ್ದ.

ನಾನು ನಡುವೆ ನುಗ್ಗಿದೆ. 'ಹೊಡೀಬೇಡ್ರೋ, ಅವ್ರು ಹೊಡ್ದಿಲ್ಲ! ಕಾಯಿಲೆ ಅದು, ರಕ್ತದ್ದು! ನಾನೇ ಸುಳ್ ಹೇಳಿದ್ದು!' ಗಂಟಲು ಹರಿಯುವಂತೆ ಕೂಗಿದೆ. ಗುದ್ದು ನಿಲ್ಲಲಿಲ್ಲ. 'ಪಾಪ, ಸಂಕಟದಲ್ಲಿ ಏನೇನೋ ಅಂತಾವ್ನೆ, ಮನೆ ಮಾನ ಮುಚ್ತಾವ್ನೆ, ಆಚೆ ಕರ್ಕೊಂಡೋಗ್ರೋ' ಅಂದ ಒಬ್ಬ. ನನ್ನನ್ನು ಎಳೆದರು. ಎಳೆದವನ ಮೂಗಿಗೆ ತಲೆಯಿಂದ ಡಿಕ್ಕಿ ಕೊಟ್ಟೆ. ಆಮೇಲೆ ನನಗೂ ಬಿದ್ದವು. ನಾನೇ ಪಟ್ಟು ಹೇಳಿಕೊಟ್ಟಿದ್ದವರ ಕೈಯಲ್ಲಿ ಬಿದ್ದವು, ಪಕ್ಕೆಯ ಎರಡು ಎಲುಬು ಬಿರಿದವು. ಭಾವನ ಮೇಲೆ ಕವುಚಿ ಮಲಗಿ ಅಷ್ಟೂ ಏಟು ತಿಂದೆ. ಅಪ್ಪ ಬಂದು ಗದರಿಸುವವರೆಗೂ ನಡೆಯಿತು. ಗರಡಿಯವರು ಗೊಣಗುತ್ತ ಬೀದಿಗಿಳಿದರು. ಅವರಲ್ಲಿ ಅರ್ಧ ಜನ ಸಾಯುವವರೆಗೂ ನನ್ನ ಮಾತು ನಂಬಲಿಲ್ಲ.

ಜಗುಲಿಯ ಮೇಲೆ ನಾವಿಬ್ಬರೇ ಉಳಿದೆವು. ಭಾವ ಎಡಗೈಯಲ್ಲಿ ಹರಿದ ಕತ್ತಿನಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ತುಟಿಯಿಂದ ರಕ್ತ ಸುರಿಯುತ್ತಿತ್ತು. ನಲ್ಲಿ ಕಟ್ಟೆಯ ಆ ಸಂಜೆಯ ನಂತರ ಮೊದಲ ಸಲ ನನ್ನ ಜೊತೆ ಮಾತಾಡಿದರು, ಬೈಯುವ ದನಿಯಲ್ಲಲ್ಲ, ಅರ್ಥವಾಗದೆ ಕೇಳುವವರ ದನಿಯಲ್ಲಿ.

'ಮೊನ್ನೆ ಅವಳು ಎಷ್ಟು ಸಂತೋಷವಾಗಿದ್ಲು ಗೊತ್ತೇನೋ? ನನ್ ತಮ್ಮ ಗರಡೀಲಿ ಎಲ್ರ ಮುಂದೆ ಹೇಳ್ಬುಟ್ಟವ್ನೆ ಕಣ್ರೀ, ಇನ್ ನಿಮ್ಮನ್ನ ಯಾರೂ ಮುಟ್ಟಲ್ಲ, ನಂಗಿನ್ ಭಯ ಇಲ್ಲ ಅಂದ್ಲು.'